ಮಾವನವರ ಬಡಿಗೆಯೂ ನಮ್ಮ ಅಂಗಡಿಯ ಹೊಸ ಲೈಟೂ

ಕರೆಂಟ್ ಸಾಮಾನಿನ ಅಂಗಡಿಯಲ್ಲಿ ಕೂತವರು ನಗಲಿಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಕೆಟ್ಟ ಲೈಟು ತಂದು ಕಟ್ಟೆಯ ಮೇಲಿಡುವವರು ಅದರ ಜೊತೆ ಮನೆಯ ಸುದ್ದಿಯನ್ನೂ ಇಟ್ಟು ಹೋಗುತ್ತಾರೆ. ನಮ್ಮ ಅಂಗಡಿ ಇರುವುದು ವಾಡಿಯಲ್ಲಿ, ಸ್ಟೇಷನ್ನಿನಿಂದ ಬರುವ ದಾರಿಯಲ್ಲಿ. ನಾನು ಅಂಗಡಿಯಲ್ಲಿ ಕೂರುತ್ತೇನೆ. ನಮ್ಮವರು ಮೋಟರ್ ಸೈಕಲ್ಲಿಗೆ ನಿಚ್ಚಣಿಕೆ ಕಟ್ಟಿಕೊಂಡು ಶಹಾಬಾದ, ಚಿತ್ತಾಪುರ, ಸೇಡಂ ಎಂದು ತಿರುಗುತ್ತಾರೆ. ಜನರೆಲ್ಲ ಟ್ಯೂಬ್‌ಲೈಟ್ ಇಳಿಸಿ ಎಲ್ಇಡಿ ಹಾಕಿಸಲು ಹತ್ತಿದ ಮೇಲಂತೂ ಇಂಥದ್ದೊಂದು ನಡೆಯದೆ ಸಂಜೆಯಾಗುವುದೇ ಇಲ್ಲ. ಊರವರದೆಲ್ಲ ಹೇಳಿ ನಮ್ಮನೆಯದು ಮುಚ್ಚಿಟ್ಟರೆ ಸರಿಯಲ್ಲ. ಅದಕ್ಕೇ ಮೊದಲು ನಮ್ಮನೆಯಿಂದಲೇ ಶುರು ಮಾಡುತ್ತೇನೆ.

ಒಂದು ಲೈಟಿಗೆ ಮೂರು ನಮಸ್ಕಾರ

ನಮ್ಮ ಕಡೆ ಸಂಜೆ ದೀಪ ಹಚ್ಚಿದ ಕೂಡಲೇ ಕೈ ಮುಗಿಯುವುದು ರೂಢಿ. ಎಣ್ಣೆಯದಾಗಲಿ, ಕರೆಂಟಿನದಾಗಲಿ, ಬೆಳಕು ಬಂತೆಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ನಮಸ್ಕಾರ ಮಾಡಬೇಕು. ನಮ್ಮ ಅತ್ತೆ ಈ ವಿಷಯದಲ್ಲಿ ಭಾಳ ಕಟ್ಟುನಿಟ್ಟು. ನಮ್ಮ ಪಡಸಾಲೆಯ ಟ್ಯೂಬ್‌ಲೈಟ್ ಮಾತ್ರ ಅಷ್ಟು ಕಟ್ಟುನಿಟ್ಟಾಗಿರಲಿಲ್ಲ. ಸಂಜೆ ಊರಿಗೆ ಊರೇ ಒಮ್ಮೆಗೆ ಲೈಟು ಹಾಕಿದಾಗ ಕರೆಂಟು ಸಣ್ಣಗಾಗುತ್ತದೆ. ಆಗ ನಮ್ಮ ಟ್ಯೂಬು ಒಮ್ಮೆ ಕಣ್ಣು ಹೊಡೆಯುತ್ತಿತ್ತು. ಅತ್ತೆ ಕೈ ಮುಗಿಯುತ್ತಿದ್ದರು. ಅದು ಆರುತ್ತಿತ್ತು. ಮತ್ತೆ ಕಣ್ಣು ಹೊಡೆಯುತ್ತಿತ್ತು, ಅತ್ತೆ ಮತ್ತೆ ಕೈ ಮುಗಿಯುತ್ತಿದ್ದರು. ಮೂರನೆಯ ನಮಸ್ಕಾರಕ್ಕೂ ಅದು ಬಗ್ಗದಿದ್ದರೆ ಕೂಗು ಹೋಗುತ್ತಿತ್ತು.

"ಏನ್ರೀ, ಬರ್ರಿ ಇಲ್ಲಿ. ಹತ್ತವಲ್ದು ನೋಡ್ರಿ!"

ಹೊರಗಿನ ಕಟ್ಟೆಯಿಂದ ನಮ್ಮ ಮಾವನವರು ಏಳುತ್ತಿದ್ದರು. ಬಾಗಿಲ ಸಂದಿಯಲ್ಲಿ ಅವರದೊಂದು ಬಿದಿರಿನ ಬಡಿಗೆ. ಗಾಜಿಗೆ ಪೆಟ್ಟಾಗಬಾರದೆಂದು ಅದರ ತುದಿಗೆ ಹಳೇ ಧೋತರದ ಚೂರು ಸುತ್ತಿದ್ದರು. ಟ್ಯೂಬಿನ ಒಂದು ತುದಿಗೆ ಟಕ್ ಎಂದು ಮುಟ್ಟಿಸಿದರೆ ಸಾಕು, ಪಡಸಾಲೆ ಬೆಳ್ಳಗಾಗುತ್ತಿತ್ತು. "ಹಾಂ, ಈಗ ಮುಗೀರಿ ಎಲ್ಲಾರೂ" ಎಂದು ಅಪ್ಪಣೆ ಕೊಡುತ್ತಿದ್ದರು. ನಾವು ಮುಗಿಯುತ್ತಿದ್ದೆವು.

ಮಾವನವರು ರೈಲ್ವೆಯಲ್ಲಿ ಇದ್ದವರು. ಸಿಗ್ನಲ್ಲಿಗೆ ಎಣ್ಣೆಯ ದೀಪ ಇಡುತ್ತಿದ್ದ ಕಾಲದಲ್ಲಿ ಕಂಬ ಹತ್ತಿ ದೀಪ ಹಚ್ಚುವುದೇ ಅವರ ಕೆಲಸ. "ನಾ ಹಚ್ಚಿದ್ರೇ ಗಾಡಿ ಮುಂದ ಹೋಗ್ತಿದ್ದವು" ಎಂದು ಈಗಲೂ ಎದೆಯುಬ್ಬಿಸಿ ಹೇಳುತ್ತಾರೆ. ಈಗ ಕೈ ನಡುಗುತ್ತದೆ, ಕಣ್ಣು ಮಂಜು. ಸಂತೆಗೆ ಕಳಿಸುವಂತಿಲ್ಲ, ನಿಚ್ಚಣಿಕೆ ಹತ್ತಿಸುವಂತಿಲ್ಲ. ಮನೆಯಲ್ಲಿ ಅವರಿಗೇ ಅಂತ ಉಳಿದಿದ್ದ ಕೆಲಸ ಈ ಸಂಜೆಯ ಟಕ್ ಒಂದೇ. ಅದೂ ನಮ್ಮನೆಗಷ್ಟೇ ಅಲ್ಲ. "ಕಾಕಾ, ನಮ್ದೂ ಹತ್ತವಲ್ದು" ಎಂದು ಓಣಿಯ ಹೆಂಗಸರೆಲ್ಲ ಕರೆಯುತ್ತಿದ್ದರು. ಬಡಿಗೆ ಹಿಡಿದು ಒಂದು ಸುತ್ತು ಹೋದರೆ ಒಂದು ಮನೆಯಲ್ಲಿ ಚಹಾ, ಇನ್ನೊಂದು ಮನೆಯಲ್ಲಿ ಬಿಸಿ ಭಜಿ. ತಿರುಗಿ ಬರುವಾಗ ಅವರ ನಡಿಗೆಯೇ ಬೇರೆ ಆಗಿರುತ್ತಿತ್ತು.

"ಅತ್ತಿ, ಮೊದ್ಲೇ ಮಾವಾರನ್ನ ಕರದ್ರ ಒಂದೇ ನಮಸ್ಕಾರದಾಗ ಮುಗೀತದಲ್ರಿ?" ಎಂದು ನಾನು ಒಮ್ಮೆ ಕೇಳಿದೆ.

"ಮೊದಲ್ನೇದು ದೇವರಿಗಿ, ಎರಡನೇದು ಕರೆಂಟಿಗಿ" ಎಂದರು ಅತ್ತೆ. "ಮೂರನೇದು ನಿಮ್ಮ ಮಾವಗ, ಜಲ್ದಿ ಎದ್ದು ಬರ್ಲಿ ಅಂತ."

ಇಷ್ಟು ಹೊಲಸು ಇದ್ದಿದ್ದಿಲ್ಲ

ಶಹಾಬಾದದಲ್ಲಿ ಒಂದು ಹಳೇ ಮನೆ. ಗೋಡೆ ಕಲ್ಲು, ನೆಲ ಕಲ್ಲು, ಮೇಲೆ ಹೊದಿಸಿದ್ದೂ ಫರ್ಸಿ ಎನ್ನುವ ಕಲ್ಲಿನ ಹಾಸು. ಆ ಮನೆಯ ಒಡತಿ ಶುಚಿತ್ವಕ್ಕೆ ಊರಿಗೇ ಹೆಸರಾದವರು. ಯಾರು ಬಂದರೂ ಚಪ್ಪಲಿ ಅಂಗಳದಲ್ಲೇ ಬಿಡಬೇಕು. ನಮ್ಮವರು ಅಡುಗೆಮನೆಯ ಟ್ಯೂಬ್ ಇಳಿಸಿ ಎಲ್ಇಡಿ ಹಾಕಿ, ಹಚ್ಚಿ ತೋರಿಸಿ, ಅವರು ಕೊಟ್ಟ ಚಹಾ ಕುಡಿದು ಬಂದರು.

ಮರುದಿನವೇ ಆ ಒಡತಿ ಆಟೋ ಮಾಡಿಕೊಂಡು ವಾಡಿಗೆ ಬಂದರು. ಸೆರಗು ಸೊಂಟಕ್ಕೆ ಸಿಗಿಸಿದ್ದರು. ತಲೆಯ ಮೇಲೆ ಜೇಡನ ಬಲೆಯ ಎಳೆಯೊಂದು ಇನ್ನೂ ಅಂಟಿಕೊಂಡಿತ್ತು. ಹೊಸ ಲೈಟನ್ನು ಡಬ್ಬಿ ಸಮೇತ ಕಟ್ಟೆಯ ಮೇಲೆ ಇಟ್ಟರು.

"ಯಾಕ್ರಿ ಅಕ್ಕಾ, ಹತ್ತವಲ್ದೇನು?"

"ಹತ್ತಲಿಕ್ಕೇನಾಗ್ಯದ? ಭಾಳ ಹತ್ತತದ. ಅದೇ ತ್ರಾಸ ಆಗ್ಯದ. ಫರ್ಸಿ ಸಂದಿ ತುಂಬ ಮಸಿ, ಡಬ್ಬಿ ಮ್ಯಾಲೆಲ್ಲ ಜಿಡ್ಡು, ಮೂಲ್ಯಾಗ ಬಲಿ. ನಿನ್ನಿ ರಾತ್ರಿಯಿಂದ ತಿಕ್ಕಲಿಕತ್ತೀನಿ, ಇನ್ನಾ ಮುಗೀವಲ್ದು. ನಮ್ಮ ಮನಿ ಇಷ್ಟು ಹೊಲಸು ಇದ್ದಿದ್ದಿಲ್ಲವ್ವಾ. ನಿಮ್ಮ ಲೈಟ್ ಬಂದ ಮ್ಯಾಲೇ ಆಗಿದ್ದು."

ನಾನು ನಗು ನುಂಗಿಕೊಂಡು, ಇದನ್ನು ತಿರುಗಿ ತೆಗೆದುಕೊಂಡು ಬೆಳಕು ಕಡಿಮೆ ಇರುವುದೊಂದು ಕೊಡಲೇ ಎಂದೆ. ಅವರು ಕ್ಷಣ ಯೋಚನೆ ಮಾಡಿದರು. ಆಮೇಲೆ ಹತ್ತಿರ ಬಂದು ಮೆಲ್ಲಗೆ, "ಬ್ಯಾಡ. ಇದೇ ಥರದ್ದು ಇನ್ನೊಂದು ಕೊಡು. ನಮ್ಮ ಮೈದುನನ ಹೆಂಡ್ತಿ, ಆ ನೆಗೆಣ್ಣಿ ಅಡಗಿಮನಿಗೂ ಹಾಕಸ್ತೀನಿ" ಎಂದರು.

ನೋಡಲು ಬಂದವರು

ಚಿತ್ತಾಪುರದ ಒಬ್ಬ ಗುಮಾಸ್ತರ ಮನೆಯಲ್ಲಿ ಕನ್ಯಾ ನೋಡಲು ಬರುವವರಿದ್ದರು. ಮಗಳ ಮುಖ ಛಂದ ಕಾಣಲಿ ಎಂದು ಅಪ್ಪ ಪಡಸಾಲೆಗೆ ಅತಿ ಬೆಳಕಿನ ಎಲ್ಇಡಿ ಹಾಕಿಸಿದರು. ಅದರ ಕೆಳಗೆ ಒಂದು ಕುರ್ಚಿ ಇಟ್ಟು, "ನೋಡ್ರಿ, ಹುಡುಗಿ ಇಲ್ಲೇ ಕೂಡಬೇಕು" ಎಂದು ಮನೆಯವರಿಗೆಲ್ಲ ತಾಕೀತು ಮಾಡಿದರು.

ಬೀಗರು ಬಂದರು. ಬಂದವರಿಗೆ ಒಳ್ಳೆಯ ಕುರ್ಚಿ ಕೊಡುವುದು ಮರ್ಯಾದೆ. ಮನೆಯ ಅಜ್ಜಿಗೆ ತಾಕೀತು ಎಲ್ಲಿ ನೆನಪಿರಬೇಕು? ಆಕೆ ಹುಡುಗನ ಕೈ ಹಿಡಿದು ಕರೆತಂದು, "ಬಾ ಯಪ್ಪಾ, ಇಲ್ಲಿ ಕುಂದ್ರು" ಎಂದು ಅದೇ ಕುರ್ಚಿಯಲ್ಲಿ ಕೂರಿಸಿಬಿಟ್ಟಳು. ಮದುವೆ ಗಂಡು, ಏಳು ಅನ್ನಲಾಗುತ್ತದೆಯೇ? ಬೆಳಕು ಪೂರ್ತಿ ಅವನ ನೆತ್ತಿಯ ಮೇಲೆ ಸುರಿಯಿತು. ಕಪ್ಪು ಹಚ್ಚಿದ್ದ ಕೂದಲಿನ ಬುಡವೆಲ್ಲ ಬೆಳ್ಳಗೆ ಕಂಡಿತು. ನಡುವೆ ಖಾಲಿಯಾಗಿದ್ದ ಜಾಗ ಮಿಂಚಿತು. ಮಧ್ಯಸ್ಥರ ಕೈಲಿ ಅವನು ಹೇಳಿಸಿದ್ದ ವಯಸ್ಸಿಗೂ ಆ ತಲೆಗೂ ಎಲ್ಲಿಂದೆಲ್ಲಿಗೂ ತಾಳೆಯಾಗಲಿಲ್ಲ. ಹುಡುಗಿ ಬಾಗಿಲ ಮಬ್ಬಿನಲ್ಲಿ ನಿಂತು ಎಲ್ಲ ನೋಡಿದಳು. ಅವಲಕ್ಕಿಯ ತಾಟು ಅಲ್ಲೇ ಅಮ್ಮನ ಕೈಗೆ ಕೊಟ್ಟು ಒಳಗೆ ಹೋದಳು.

ಆ ಮಾತು ಅಲ್ಲಿಗೇ ಮುಗಿಯಿತು. ಗುಮಾಸ್ತರಿಗೆ ಬೇಸರವಾಗಿರಬೇಕೆಂದು ನಮ್ಮವರು, ಬೆಳಕು ಹೆಚ್ಚಾಯಿತೇನೋ, ಬದಲಿ ಮಾಡಿಕೊಡಲೇ ಎಂದು ಫೋನಿನಲ್ಲಿ ಕೇಳಿದರು. ಫೋನು ಹುಡುಗಿಯ ಕೈಯಲ್ಲಿತ್ತು.

"ಬ್ಯಾಡ್ರಿ ಅಣ್ಣಾ, ಲೈಟ್ ಭಾಳ ಛಂದ ಅದ. ನೋಡ್ಲಿಕ್ಕೆ ಬಂದೋರು ತಾವೇ ಕಂಡು ಹೋದ್ರು" ಎಂದಳು.

ಹಲ್ಲಿ ನುಡಿಯಲಿಲ್ಲ

ಸೇಡಂನಲ್ಲಿ ಒಬ್ಬ ಅಜ್ಜಿ. ಅರ್ಧ ಕನ್ನಡ, ಅರ್ಧ ತೆಲುಗು, ಬೈಗುಳಕ್ಕೆ ಎರಡೂ. ಅವರ ಮನೆಯ ಟ್ಯೂಬಿನ ಪಟ್ಟಿಯ ಹಿಂದೆ ಒಂದು ಹಲ್ಲಿ ಬಹಳ ಕಾಲದಿಂದ ವಾಸವಾಗಿತ್ತು. ಮಾತಾಡುವಾಗ ಹಲ್ಲಿ ಲೊಚಗುಟ್ಟಿದರೆ ಆ ಮಾತು ಖರೆ ಎಂದು ನೆಲಕ್ಕೆ ಬೆರಳು ಬಡಿಯುತ್ತೇವಲ್ಲ, ಅಜ್ಜಿ ಇಡೀ ಸಂಸಾರವನ್ನು ಹಾಗೆಯೇ ನಡೆಸಿದವರು. ಮೊಮ್ಮಕ್ಕಳು ಪರೀಕ್ಷೆ ಛಲೋ ಬರೆದೆವು ಎಂದರೂ ಆಕೆ ಮೊದಲು ಮೇಲೆ ನೋಡುತ್ತಿದ್ದರು.

ನಮ್ಮವರು ನಿಚ್ಚಣಿಕೆ ಹತ್ತಿ ಪಟ್ಟಿ ಬಿಚ್ಚತೊಡಗಿದಾಗ ಅಜ್ಜಿ ಕೆಳಗಿನಿಂದ ಕೇಳಿದರು. "ಹೊಸಾದು ಭಾಳ ದಿನ ಬಾಳತದೇನೋ?"

"ಬಾಳತದ ಆಯಿ. ಗ್ಯಾರಂಟಿ ಅದ."

ಅಜ್ಜಿ ಬೆರಳು ಬಡಿಯಲು ಸಿದ್ಧರಾಗಿ ಕಾದರು. ಹಲ್ಲಿ ಸುಮ್ಮನಿತ್ತು.

"ಇನ್ನೊಮ್ಮಿ ಹೇಳು."

"ಗ್ಯಾರಂಟಿ ಅದ ಆಯಿ, ಡಬ್ಬಿ ಮ್ಯಾಲೇ ಬರದಾರ."

ಹಲ್ಲಿ ಮಿಸುಕಲಿಲ್ಲ. "ಇಳೀ ಕೆಳಗ" ಎಂದರು ಅಜ್ಜಿ. ಮಗ, ಸೊಸೆ ಎಲ್ಲ ಸೇರಿ ಒಪ್ಪಿಸಲು ಹೊತ್ತು ಮುಣುಗಿತು. ಕೊನೆಗೆ ಒಂದು ರಾಜಿಯಾಯಿತು. ಹೊಸ ಲೈಟು ಒಂದು ಕಡೆ ಹಾಕುವುದು, ಹಳೇ ಖಾಲಿ ಪಟ್ಟಿ ಹಲ್ಲಿಗೆಂದು ಇದ್ದಲ್ಲೇ ಬಿಡುವುದು. ಕೆಲಸ ಮುಗಿಸಿ ನಮ್ಮವರು ಹೊರಡುವಾಗ ಸೊಸೆ, "ಅಣ್ಣಾ, ಊಟ ಮಾಡ್ಕೊಂಡು ಹೋಗ್ರಿ" ಎಂದಳು. ಹಸಿದು ಪ್ರಾಣ ಹೋಗುತ್ತಿದ್ದರೂ ನಮ್ಮವರು ಸಂಕೋಚಕ್ಕೆ, "ಹಸಿವಿಲ್ಲವ್ವಾ" ಎಂದರು. ಅಜ್ಜಿ ಒಮ್ಮೆ ಪಟ್ಟಿಯ ಕಡೆ ನೋಡಿದರು.

"ಅದು ಸುಮ್ನದ. ಸುಳ್ಳು ಹೇಳ್ಬ್ಯಾಡ, ಕುಂದ್ರು ಉಣ್ಣಲಿಕ್ಕೆ."

ಕೈ ಮುಗಿಯುವ ಮೊದಲೇ

ಹೀಗೆ ಊರೂರಿನ ಕಥೆ ಹೇಳಿ ನಗುತ್ತಿದ್ದಾಗ ನಮ್ಮ ಓಣಿಯ ಕಡೆ ನನ್ನ ಲಕ್ಷ್ಯವೇ ಇರಲಿಲ್ಲ. ಓಣಿಯವರೂ ಒಬ್ಬೊಬ್ಬರಾಗಿ ಹೊಸ ಲೈಟು ಹಾಕಿಸಿದರು. ಹಾಕಿಸಿದ್ದು ನಮ್ಮ ಅಂಗಡಿಯಿಂದಲೇ. ಮಾವನವರು ಸಂಜೆ ಬಡಿಗೆ ಹಿಡಿದು ಹೋಗಿ, "ಹತ್ಯದೇನವ್ವಾ?" ಎನ್ನುವರು. "ಹತ್ಯದ ಕಾಕಾ, ಈಗೇನೂ ತ್ರಾಸ ಇಲ್ಲ" ಎಂದು ಒಳಗಿನಿಂದಲೇ ಉತ್ತರ. ಭಜಿ ನಿಂತಿತು, ಚಹಾ ನಿಂತಿತು, ಕೊನೆಗೆ ಸುತ್ತೂ ನಿಂತಿತು. ನಮ್ಮನೆಯ ಟ್ಯೂಬೊಂದು ಉಳಿದಿತ್ತು.

ಒಂದು ಸಂಜೆ ಅದೂ ಸುಟ್ಟ ವಾಸನೆ ಬಿಟ್ಟು ಸತ್ತಿತು. ಮಾವನವರು ಈ ತುದಿಗೆ ಬಡಿದರು, ಆ ತುದಿಗೆ ಬಡಿದರು, ಅದು ಏಳಲಿಲ್ಲ. ಮರುದಿನ ನಮ್ಮವರು ಎಲ್ಇಡಿ ಹಾಕಿದರು. ಪಡಸಾಲೆಯ ಸ್ವಿಚ್ ಇರುವುದು ಅಡುಗೆಮನೆಯ ಬಾಗಿಲ ಒಳಮಗ್ಗುಲಲ್ಲಿ, ಪರದೆಯ ಹಿಂದೆ. ನಾನು ಒತ್ತಿದೆ. ಭಗ್ ಎಂದು ಬೆಳಕಾಯಿತು.

"ಆರಸು, ಆರಸು!" ಎಂದು ಅತ್ತೆ ಚೀರಿದರು. ನಾನು ಗಾಬರಿಯಾಗಿ ಆರಿಸಿದೆ. "ಏನಾಯ್ತ್ರಿ ಅತ್ತಿ?"

"ನಾ ಇನ್ನಾ ಕೈನೇ ಮುಗದಿದ್ದಿಲ್ಲ. ಇದೇನಿದು, ಮುಗಿಯೂತನಾ ಜರಾ ತಡೀಬಾರ್ದೇನು?"

ಎಲ್ಲರೂ ನಕ್ಕೆವು. ನಗುತ್ತಲೇ ನಾನು ಬಾಗಿಲ ಕಡೆ ನೋಡಿದೆ. ಮಾವನವರು ಬಡಿಗೆ ಹಿಡಿದುಕೊಂಡೇ ನಿಂತಿದ್ದರು. "ಛಲೋ ಆಯ್ತು ಬಿಡು" ಎಂದು ಅದನ್ನು ಬಾಗಿಲ ಸಂದಿಯಲ್ಲಿಟ್ಟು ಕಟ್ಟೆಗೆ ಹೋಗಿ ಕೂತರು. ಅವತ್ತಿನಿಂದ ಹೊತ್ತು ಮುಣುಗುವ ಮೊದಲೇ ಅವರು ಉಂಡು ಮಲಗತೊಡಗಿದರು. ಕೇಳಿದರೆ, "ಎದ್ದಿದ್ದು ಏನು ಮಾಡೋದದ ಯವ್ವಾ?" ಎನ್ನುತ್ತಿದ್ದರು.

ಬಡಿಗೆ ಬಸ್ಸು ಹತ್ತಿತು

ಒಂದು ದಿನ ಮಾವನವರು ಇದ್ದಕ್ಕಿದ್ದಂತೆ, "ಚಿಂಚೋಳಿಗೆ ಮಗಳ ಮನಿಗಿ ಹೋಗಿ ಬರ್ತೀನಿ" ಎಂದರು. ಕೈಯಲ್ಲಿ ಬಟ್ಟೆಯ ಚೀಲ, ಕಂಕುಳಲ್ಲಿ ಬಡಿಗೆ. ಅದ್ಯಾಕೆ ಎಂದರೆ, "ದಾರ್ಯಾಗ ನಾಯಿ ಇರ್ತಾವ" ಎಂದರು.

ಎರಡು ದಿನಕ್ಕೆ ನಾದಿನಿಯ ಫೋನು ಬಂತು. "ವೈನೀ, ಅಪ್ಪ ಭಾಳ ಖುಷಿಯಾಗಿದ್ದಾನ. ಎರಡೆರಡು ರೊಟ್ಟಿ ಹೆಚ್ಚಿಗಿ ಉಣ್ಣಲಿಕತ್ತಾನ. ನಮ್ಮ ಟೂಬ್ ಹತ್ತವಲ್ದು ಅಂದ್ರ ಎಲ್ಲಿದ್ರೂ ಓಡಿ ಬರ್ತಾನ. ಬಾಜೂ ಮನಿಯೋರೂ ಕರೀಲಿಕತ್ತಾರ." ನಾನು ಅತ್ತೆಗೆ ಹೇಳಿದೆ. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆ ಬಡಿಗೆ ಯಾವ ನಾಯಿಗೆಂದು ಇಬ್ಬರಿಗೂ ತಿಳಿಯಿತು.

ಆ ವಾರ ಕಳೆಯುವುದರೊಳಗೆ ಮಾವನವರು ಚೀಲ, ಬಡಿಗೆ ಸಮೇತ ಬಸ್ಸಿಳಿದು ಬಂದುಬಿಟ್ಟರು. ಮುಖ ಸಪ್ಪಗಿತ್ತು. ಯಾಕೆ ಇಷ್ಟು ಬೇಗ ಎಂದರೆ ಚೀಲ ನನ್ನ ಕೈಗೆ ಕೊಟ್ಟು ಕಟ್ಟೆಗೆ ಹೋಗಿ ಕೂತರು. ನಾದಿನಿಗೇ ಫೋನು ಮಾಡಿದೆ.

"ಏನ್ ಹೇಳ್ಲಿ ವೈನೀ, ನಮ್ಮ ಮನಿಯವ್ರು ಮಾಡಿದ ಕೆಲಸ. ಮಾವಾರು ಈ ವಯಸ್ಸಿನ್ಯಾಗ ದಿನಾ ಎದ್ದು ಬಡೀತಾರ, ನೋಡ್ಲಿಕ್ಕಾಗವಲ್ದು ಅಂತ ಪ್ರೀತಿಲೇ ಮನಿ ತುಂಬ ಎಲ್ಇಡಿ ಹಾಕಿಸ್ಯಾರ. ಮ್ಯಾಲ ಅಪ್ಪಗ, ಹ್ಯಾಂಗದ ಮಾವಾರೇ ಅಂತ ಬ್ಯಾರೆ ಕೇಳ್ಯಾರ!"

ಬಡಿದರೆ ಮಾತ್ರ ಹತ್ತುವ ಲೈಟು

ಉಪಾಯ ತೆಗೆದವರು ಅತ್ತೆ. ಮಾರನೆಯ ಸಂಜೆ ನನ್ನನ್ನು ಪರದೆಯ ಹಿಂದೆ ಸ್ವಿಚ್ಚಿನ ಹತ್ತಿರ ನಿಲ್ಲಿಸಿದರು. ತಾವು ಪಡಸಾಲೆಯಲ್ಲಿ ನಿಂತು ಹಳೇ ಗಂಟಲಿನಲ್ಲೇ ಕೂಗಿದರು. "ಏನ್ರೀ, ಬರ್ರಿ ಇಲ್ಲಿ. ಹತ್ತವಲ್ದು ನೋಡ್ರಿ!"

ಮಾವನವರು ಬಂದರು. ಮೇಲೆ ನೋಡಿದರು, ಅತ್ತೆಯ ಮುಖ ನೋಡಿದರು, ಬಡಿಗೆ ತೆಗೆದುಕೊಂಡರು. ನಾನು ಪರದೆಯ ಸಂದಿಯಿಂದ ನೋಡುತ್ತಿದ್ದೆ. ಬಡಿಗೆ ಟಕ್ ಎಂದ ಕೂಡಲೇ ಸ್ವಿಚ್ ಒತ್ತಿದೆ. ಬೆಳಕಾಯಿತು.

"ಹೊಸಾದಂದ್ರೂ ಅಷ್ಟೇ. ಒಂದು ಪೆಟ್ಟು ಬೇಕೇ ಬೇಕು" ಎಂದರು ಮಾವನವರು. "ಹಾಂ, ಮುಗೀರಿ ಎಲ್ಲಾರೂ."

ಅವತ್ತು ಅವರು ನಮ್ಮೆಲ್ಲರ ಜೊತೆ ಕೂತು ಉಂಡರು. ಗುಟ್ಟು ಓಣಿಯ ಹೆಂಗಸರಿಗೆ ತಿಳಿಯಲು ಎಷ್ಟು ಹೊತ್ತು? ವಾರದೊಳಗೆ, "ಕಾಕಾ, ನಮ್ದೂ ಹತ್ತವಲ್ದು" ಎಂಬ ಕೂಗು ಮತ್ತೆ ಕೇಳಿತು. ಈಗ ಮನೆಮನೆಯಲ್ಲೂ ಪರದೆಯ ಹಿಂದೆ ಒಬ್ಬಳು ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಲ್ಲುವಳು. ಚಹಾ ಶುರುವಾಯಿತು, ಭಜಿ ಶುರುವಾಯಿತು.

ಒಂದನ್ನು ಮಾತ್ರ ನಾವು ಯಾರೂ ಯೋಚಿಸಿರಲಿಲ್ಲ. ನಮ್ಮ ಓಣಿ ಸ್ಟೇಷನ್ನಿಗೆ ಹೋಗುವ ದಾರಿ. ಹೋಗಿಬರುವವರೆಲ್ಲ, ಎಲ್ಇಡಿ ಅಂಗಡಿಯವರ ಅಪ್ಪನೇ ಮನೆಮನೆಗೆ ಹೋಗಿ ಎಲ್ಇಡಿಗೆ ಬಡಿಗೆಯಲ್ಲಿ ಬಡಿದು ಹಚ್ಚುವುದನ್ನು ನೋಡತೊಡಗಿದರು. ಅಂಗಡಿಗೆ ಬಂದವರು ಲೈಟು ತಿರುಗಿಸಿ ತಿರುಗಿಸಿ ನೋಡಿ, "ಇದು ಬಡೀದೇ ಹತ್ತೋದೋ, ಬಡದ್ರ ಹತ್ತೋದೋ?" ಎಂದು ಕೇಳತೊಡಗಿದರು. ಅದಕ್ಕೂ ನಾನು ಏನೋ ಹೇಳಿ ಸಾಗಹಾಕುತ್ತಿದ್ದೆ. ಒಂದು ಮಧ್ಯಾಹ್ನ ಕಾಳಗಿಯ ಕಡೆಯ ಗಿರಾಕಿಯೊಬ್ಬ ಒಂದು ಚೀಲ ತಂದು ಕಟ್ಟೆಯ ಮೇಲೆ ಸುರಿದ. ಎಲ್ಇಡಿ ಚೂರು ಚೂರಾಗಿತ್ತು.

"ಇದೇನ್ರಿ ಹಿಂಗಾಗ್ಯದ?" ಎಂದರು ನಮ್ಮವರು.

"ನಿಮ್ಮಪ್ಪ ಬಡದ್ರ ಹತ್ತತದ, ನಾ ಬಡದ್ರ ಹತ್ತವಲ್ದು" ಎಂದ ಆತ, ಬಹಳ ವಿನಯದಿಂದ. "ಎಲ್ಲಿ ಬಡೀಬೇಕಂತ ಜರಾ ತೋರ್ಸಿಕೊಡ್ರಿ."

ಅವರ ಮನೆಯಲ್ಲಿ ಆಗ ಕರೆಂಟೇ ಇರಲಿಲ್ಲವಂತೆ.

ಪರದೆಯ ಹಿಂದೆ

ನಮ್ಮವರು ಅವತ್ತು ಸಿಟ್ಟಿನಲ್ಲೇ ಮನೆಗೆ ಬಂದರು. "ಹಿಂಗಾದ್ರ ಅಂಗಡಿ ಮುಚ್ಚಬೇಕಾಗ್ತದ. ಇವತ್ತು ಅಪ್ಪಗ ಖರೆ ಹೇಳಿಬಿಡ್ತೀನಿ" ಎಂದರು. ಅತ್ತೆ ಬೇಡಿಕೊಂಡರು, ನಾನೂ ಬೇಡಿಕೊಂಡೆ. "ಹೇಳಿದ್ರ ಮತ್ತ ಹೊತ್ತು ಮುಣುಗಾಕ ಮೊದ್ಲೇ ಮಲಗ್ತಾರ ನೋಡ್ರಿ" ಎಂದೆ. ಅವರ ಸಿಟ್ಟು ಅರ್ಧ ಇಳಿಯಿತು. ಹಾಗಂತ ಅವರು ಸಿಟ್ಟಾದದ್ದೂ ತಪ್ಪಲ್ಲ. ಆ ಅಂಗಡಿಯಿಂದಲೇ ನಮ್ಮೆಲ್ಲರ ಊಟ. ಹೇಳದೆ ವಿಧಿಯಿಲ್ಲ ಎಂದು ನನಗೂ ಗೊತ್ತಿತ್ತು.

ಸಂಜೆಯಾಯಿತು. ನಾನು ಪರದೆಯ ಹಿಂದೆ ನಿಂತೆ. ನಮ್ಮವರು ಪಡಸಾಲೆಯ ಗೋಡೆಗೆ ಒರಗಿ ಮಾತು ಜೋಡಿಸಿಕೊಳ್ಳುತ್ತಿದ್ದರು. ಅತ್ತೆಯ ಕೂಗಿನಲ್ಲಿ ಅವತ್ತು ಜೀವವಿರಲಿಲ್ಲ. ಮಾವನವರು ಎಂದಿನಂತೆ ಬಂದು ಬಡಿಗೆ ಎತ್ತಿದರು. ಅದು ಇನ್ನೂ ಅರ್ಧ ದಾರಿಯಲ್ಲಿತ್ತು. ಅಷ್ಟರಲ್ಲಿ ನಮ್ಮವರು, "ಅಪ್ಪಾ, ಒಂದು ಮಾತು" ಎಂದರು. ಆ ಗಾಬರಿಗೆ ನನ್ನ ಬೆರಳು ತಾನೇ ಸ್ವಿಚ್ ಒತ್ತಿಬಿಟ್ಟಿತು.

ಬಡಿಗೆ ಲೈಟಿನಿಂದ ಒಂದು ಮೊಳ ಕೆಳಗೇ ಇತ್ತು. ಪಡಸಾಲೆ ಮಾತ್ರ ಹಗಲಿನಂತೆ ಬೆಳಗುತ್ತಿತ್ತು.

ನಮ್ಮವರ ಬಾಯಿ ತೆರೆದದ್ದು ತೆರೆದೇ ಇತ್ತು. ಅತ್ತೆಯ ಕೈ ಮುಗಿಯಲು ಹೋಗಿ ಗಾಳಿಯಲ್ಲೇ ನಿಂತಿತ್ತು. ನಾನು ಪರದೆಯ ಹಿಂದೆ ಕಣ್ಣು ಮುಚ್ಚಿಕೊಂಡೆ. ಎಲ್ಲ ಮುಗಿಯಿತು, ನನ್ನಿಂದಲೇ ಮುಗಿಯಿತು ಎಂದು ಅಳುವೇ ಬಂತು.

ಮಾವನವರು ಲೈಟು ನೋಡಿದರು. ಬಡಿಗೆ ನೋಡಿದರು. ಮತ್ತೆ ಲೈಟು ನೋಡಿದರು.

"ನೋಡಿದ್ಯಾ?" ಎಂದರು ಮಗನಿಗೆ. "ಈಗ ಬಡೀಬೇಕಂತನೂ ಇಲ್ಲ. ಬಡಿಗಿ ಕಂಡ್ರ ಸಾಕು, ಅಂಜಿ ಹತ್ತಲಿಕತ್ತದ. ನಾಳಿಂದ ಯಾರ ಮನ್ಯಾಗೂ ಬಡಿಯಂಗಿಲ್ಲ, ಬರೇ ತೋರಿಸಿ ಬರ್ತೀನಿ. ನಿನ್ನ ಅಂಗಡಿಗೂ ತ್ರಾಸ ಇಲ್ಲ. ನೀ ಏನೋ ಹೇಳ್ಲಿಕತ್ತಿದ್ದಿ?"

"ಏನಿಲ್ಲಪ್ಪಾ" ಎಂದರು ನಮ್ಮವರು.

"ಹಾಂ, ಹಂಗಾದ್ರ ಮುಗೀರಿ ಎಲ್ಲಾರೂ."

ಎಲ್ಲರೂ ಕೈ ಮುಗಿದರು. ನಾನೂ ಪರದೆಯ ಹಿಂದೆಯೇ ಮುಗಿದೆ. ಆ ಲೈಟಿಗೆ ಅಲ್ಲ. ಮಾವನವರು ಬಡಿಗೆಯನ್ನು ಬಾಗಿಲ ಸಂದಿಯಲ್ಲಿಟ್ಟರು. ಕಟ್ಟೆಯ ಕಡೆ ಹೊರಟವರು ಪರದೆಯ ಮುಂದೆ ಒಂದು ಕ್ಷಣ ನಿಂತರು. ಅದರ ಕೆಳಗೆ ನನ್ನ ಕಾಲುಗಳು ಕಾಣುತ್ತವೆಂದು ನನಗೆ ಆವಾಗಲೇ ಹೊಳೆದದ್ದು.

"ಯವ್ವಾ, ದಿನಾ ನಿಂತು ನಿಂತು ಕಾಲು ಬ್ಯಾನಿ ಬರ್ತದ" ಎಂದರು ಮೆಲ್ಲಗೆ. "ನಾಳಿಂದ ಅಲ್ಲೊಂದು ಸ್ಟೂಲ್ ಹಾಕ್ಕೊಂಡು ಕುಂದ್ರು."